ಗರತಿ ಎಂದು ಹೊಗಳಿ ಕಸಿದುಕೊಂಡದ್ದು

ವಿಜಯಪುರ ಜಿಲ್ಲೆಯಲ್ಲಿ ಜನಪದದ ಹೆಸರಿನ ಯಾವ ಕಾರ್ಯಕ್ರಮಕ್ಕೆ ಹೋದರೂ ಒಂದು ಭಾಷಣ ತಪ್ಪುವುದಿಲ್ಲ. ಇಂಡಿಯಾಗಲಿ, ಸಿಂದಗಿಯಾಗಲಿ, ಮುದ್ದೇಬಿಹಾಳದ ಕಾಲೇಜಾಗಲಿ, ಬಸವನಬಾಗೇವಾಡಿಯ ಜಾತ್ರೆಯ ವೇದಿಕೆಯಾಗಲಿ, ಊರು ಬದಲಾದರೂ ಭಾಷಣ ಬದಲಾಗುವುದಿಲ್ಲ. ಇಳಕಲ್ ಸೀರೆ ಉಡಿಸಿ, ಗುಳೇದಗುಡ್ಡದ ಖಣದ ಕುಬಸ ತೊಡಿಸಿ, ತಲೆತುಂಬ ಸೆರಗು ಹೊದಿಸಿ ನಿಲ್ಲಿಸಿದ ಹುಡುಗಿಯರು ಬೀಸುವ ಪದ ಹಾಡಿ ಕೆಳಗಿಳಿಯುತ್ತಾರೆ. ಮುಖ್ಯ ಅತಿಥಿಗಳು ಎದ್ದು ಕೊರಳು ಸರಿಮಾಡಿಕೊಂಡು ಶುರುಮಾಡುತ್ತಾರೆ: ನಮ್ಮ ನೆಲದ ಹೆಣ್ಣು ಎಂದರೆ ಗರತಿ, ಗಂಡನ ಮನೆಯ ಕಷ್ಟವನ್ನು ತವರಿಗೆ ಹೇಳದವಳು, ತವರಿನ ಬಡತನವನ್ನು ಗಂಡನ ಮನೆಗೆ ಹೇಳದವಳು, ಎರಡೂ ಮನೆಯ ಮಾನ ಕಾದವಳು, ಇವತ್ತಿನ ಹೆಣ್ಣುಮಕ್ಕಳು ಕೈಯಲ್ಲಿ ಮೊಬೈಲು ಹಿಡಿದು ಆ ಗರತಿತನ ಕಳೆದುಕೊಂಡಿದ್ದಾರೆ. ಚಪ್ಪಾಳೆ ಬೀಳುತ್ತದೆ. ಮುಂದಿನ ಸಾಲಿನಲ್ಲಿ ಕೂತ ಶಿಕ್ಷಕಿಯರೂ, ಅಂಗನವಾಡಿ ಕಾರ್ಯಕರ್ತೆಯರೂ, ಪಂಚಾಯಿತಿ ಸದಸ್ಯೆಯರೂ ತಟ್ಟುತ್ತಾರೆ.

ಆ ಚಪ್ಪಾಳೆಯ ವಿರುದ್ಧ ನಾನು ಬರೆಯುತ್ತಿದ್ದೇನೆ. ಗರತಿ ಎಂಬ ಮಾತನ್ನು ನಾವು ನಮ್ಮ ಸಂಸ್ಕೃತಿಯ ಆಸ್ತಿ ಎಂದು ಎದೆಗೊತ್ತಿಕೊಂಡು ಕೂತಿದ್ದೇವೆ. ಅದನ್ನು ಪ್ರಶ್ನಿಸಿದವರು ಹಳ್ಳಿಯನ್ನು ಅರಿಯದವರು, ಪಟ್ಟಣದ ಗಾಳಿ ಬಡಿದವರು ಎಂದು ತಳ್ಳಿಹಾಕುತ್ತೇವೆ. ನಾನು ಇದೇ ನೆಲದವಳು. ಈ ಮಾತು ನಮ್ಮ ಮನೆಗಳಲ್ಲಿ, ಕಟ್ಟೆಗಳಲ್ಲಿ, ಕಚೇರಿಗಳಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ನೋಡುತ್ತ ಬೆಳೆದಿದ್ದೇನೆ. ಹೆಣ್ಣಿನ ಹೊಲ ಕಸಿಯಲು, ಹೊಡೆತವನ್ನು ನುಂಗಿಸಲು, ಬಾಯಿ ಕಟ್ಟಲು ಇಷ್ಟು ಸಲೀಸಾಗಿ ಒದಗುವ ಮಾತು ನಮ್ಮ ಸೀಮೆಯ ಕನ್ನಡದಲ್ಲಿ ಇನ್ನೊಂದಿಲ್ಲ.

ಮೊದಲು ಅದರ ಅರ್ಥವನ್ನೇ ನೋಡೋಣ. ನಿಘಂಟು ತೆಗೆದರೆ ಗೃಹಿಣಿ, ಪತಿವ್ರತೆ, ಕುಲಸ್ತ್ರೀ ಎಂಬ ಅರ್ಥಗಳು ಸಿಗುತ್ತವೆ. ಮೂರೂ ಹೆಣ್ಣನ್ನು ಬೇರೊಂದರ ಮೂಲಕವೇ ಗುರುತಿಸುತ್ತವೆ: ಮನೆ, ಪತಿ, ಕುಲ. ಅವಳ ಬುದ್ಧಿ, ಅವಳ ದುಡಿಮೆ, ಅವಳ ಧೈರ್ಯ, ಅವಳು ಆಡಿದ ಮಾತನ್ನು ನಡೆಸುವ ರೀತಿ, ಇವು ಯಾವುವೂ ಈ ಲೆಕ್ಕದೊಳಗೆ ಬರುವುದಿಲ್ಲ. ಗಂಡಸಿಗೆ ಹತ್ತಿರದ ಮಾತು ಯಾವುದಿದೆ? ನಮ್ಮ ಕಡೆ ಗೃಹಸ್ಥ ಮನುಷ್ಯ ಎನ್ನುತ್ತೇವೆ, ಸಂಭಾವಿತ ಎನ್ನುತ್ತೇವೆ. ಕೊಟ್ಟ ಮಾತಿಗೆ ತಪ್ಪದವನು, ಸಾಲ ಮುಳುಗಿಸದವನು, ಕಟ್ಟೆಯ ಮೇಲೆ ನ್ಯಾಯ ಹೇಳುವವನು ಗೃಹಸ್ಥ. ಅವನು ರಾತ್ರಿ ಎಲ್ಲಿದ್ದ ಎಂದು ಯಾರೂ ಕೇಳುವುದಿಲ್ಲ. ಗಂಡಿಗೆ ವ್ಯವಹಾರದ ಗುಣ, ಹೆಣ್ಣಿಗೆ ಮೈಯ ಗುಣ. ಎರಡು ಬೇರೆ ತಕ್ಕಡಿಗಳನ್ನು ಹಿಡಿದು ನಿಂತು ಒಂದೇ ಸಂಸ್ಕೃತಿ ಎಂದು ಹೇಗೆ ಹೇಳುತ್ತೀರಿ?

ಈ ಮಾತನ್ನು ಹೆಣ್ಣು ತನಗೆ ತಾನೇ ಕೊಟ್ಟುಕೊಳ್ಳಲು ಬರುವುದಿಲ್ಲ ಎಂಬುದನ್ನೂ ಗಮನಿಸಿ. ನಾನು ದುಡಿಯುವವಳು ಎಂದು ಒಬ್ಬಳು ಹೇಳಬಹುದು, ನಾನು ಓದಿದವಳು ಎನ್ನಬಹುದು. ನಾನು ಗರತಿ ಎಂದು ಅವಳೇ ಹೇಳಿಕೊಂಡರೆ ಊರು ಹುಬ್ಬು ಹಾರಿಸುತ್ತದೆ. ಅತ್ತೆ ಹೇಳಬೇಕು, ಓಣಿ ಹೇಳಬೇಕು, ಗಂಡ ಹೇಳಬೇಕು. ಹೇಳಿದವರು ಯಾವ ಗಳಿಗೆಯಲ್ಲಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಮೂವತ್ತು ವರ್ಷ ಬಾಳ್ವೆ ಮಾಡಿದವಳನ್ನು ಒಂದು ಸಂಜೆಯ ಸುದ್ದಿ ಆ ಮಾತಿನಿಂದ ಹೊರಗೆ ಹಾಕುತ್ತದೆ, ಮೇಲ್ಮನವಿಗೆ ಜಾಗವೇ ಇಲ್ಲ. ಇದು ಗೌರವವಾಗಿದ್ದರೆ ಇಷ್ಟು ಸುಲಭವಾಗಿ ಕಿತ್ತುಕೊಳ್ಳಲು ಬರುತ್ತಿತ್ತೆ? ಎತ್ತಿನ ಮೂಗುದಾರಕ್ಕೆ ಬಣ್ಣದ ಗೊಂಡೆ ಕಟ್ಟಿದರೆ ಅದು ಒಡವೆಯಾಗುವುದಿಲ್ಲ, ಹಗ್ಗದ ತುದಿ ಯಾರ ಕೈಯಲ್ಲಿದೆ ಎಂಬುದಷ್ಟೇ ಮುಖ್ಯ.

ಗರತಿ ಎಂಬ ಮಾತು ಒಂಟಿಯಾಗಿ ಬದುಕುವುದೂ ಇಲ್ಲ. ಅದರ ಬೆನ್ನಿಗೆ ಬೈಗುಳದ ಒಂದು ದಂಡೇ ಇದೆ. ಬಜಾರಿ, ಗಂಡುಬೀರಿ, ಹಾದರಗಿತ್ತಿ, ಇನ್ನು ಬರೆಯಲಾಗದವು ಹಲವು. ಬಜಾರಿ ಎಂಬುದನ್ನೇ ತೆಗೆದುಕೊಳ್ಳಿ. ಬಜಾರಕ್ಕೆ ಇಳಿದು ಗಟ್ಟಿಯಾಗಿ ಮಾತಾಡಿದವಳು ಬಜಾರಿ. ನಮ್ಮ ಯಾವ ಊರಿನ ಸಂತೆಗಾದರೂ ಹೋಗಿ ನೋಡಿ. ಮೆಂತೆ, ಪುಂಡಿ, ಹತ್ತರಕಿ ಸೊಪ್ಪಿನ ಸಿವುಡು ಜೋಡಿಸಿಕೊಂಡು ಬಿಸಿಲಲ್ಲಿ ಕೂತು ಕೂಗುವವರು ಹೆಂಗಸರು. ಇಂಡಿಯ ಲಿಂಬೆ ತೋಟಗಳಲ್ಲಿ ಮುಳ್ಳು ಚುಚ್ಚಿಸಿಕೊಂಡು ಕಾಯಿ ಬಿಡಿಸುವವರು ಹೆಂಗಸರು. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಗುಳೆ ಹೋಗಿ ಗಂಡನ ಜೋಡಿ ಸಮಸಮ ಕಬ್ಬು ಕಡಿದು ಹೊರೆ ಹೊರುವವರು ಹೆಂಗಸರು. ಇವರೆಲ್ಲ ಬೀದಿಯಲ್ಲಿದ್ದಾರೆ, ಇವರೆಲ್ಲ ದನಿ ಎತ್ತಿ ಮಾತಾಡುತ್ತಾರೆ, ಎತ್ತದಿದ್ದರೆ ಹೊಟ್ಟೆ ತುಂಬುವುದಿಲ್ಲ. ನಮ್ಮ ಭಾಷಣಕಾರರ ಗರತಿಯೊಳಗೆ ಇವರಿಗೆ ಜಾಗವಿದೆಯೇ? ದುಡಿಯುವ ಜಾತಿಗಳ ಹೆಂಗಸರನ್ನು ಹೊರಗಿಟ್ಟು, ಹೊಸ್ತಿಲು ದಾಟುವ ಅಗತ್ಯವಿಲ್ಲದ ಹೊಲಮನೆಯವರ ಹೆಂಡಂದಿರನ್ನು ಮಾತ್ರ ಒಳಗಿಟ್ಟುಕೊಳ್ಳುವ ಈ ಮಾತು ಹೆಣ್ಣುಗಂಡಿನ ನಡುವೆ ಮಾತ್ರ ಗೆರೆ ಎಳೆಯುವುದಿಲ್ಲ, ಜಾತಿಯ ಗೆರೆಯನ್ನೂ ಎಳೆಯುತ್ತದೆ.

ಇಷ್ಟು ಹೇಳಿದ ಕೂಡಲೇ ಎದುರಿನವರು ಹಲಸಂಗಿಯ ಹೆಸರು ಎತ್ತುತ್ತಾರೆ. ಎತ್ತಲಿ, ನನಗೂ ಅಲ್ಲಿಗೇ ಹೋಗಬೇಕಾಗಿದೆ. ಹಲಸಂಗಿ ಆಗ ಇಂಡಿ ತಾಲ್ಲೂಕಿನ ಹಳ್ಳಿ, ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರ ಗುಂಪು ಅಲ್ಲಿತ್ತು. ಓದಿದವರು ಹಳ್ಳಿಯ ಹಾಡನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಇವರು ಹೆಂಗಸರ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಆಮೇಲೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಕನ್ನಡ ಜಾನಪದದ ಓದು ನಿಂತದ್ದೇ ಈ ಅಡಿಪಾಯದ ಮೇಲೆ. ಆ ಗೆಳೆಯರ ಋಣ ದೊಡ್ಡದು, ಅದನ್ನು ತಗ್ಗಿಸಿ ಹೇಳುವ ಮನಸ್ಸು ನನಗಿಲ್ಲ.

ಆದರೆ ಆ ಪುಸ್ತಕದ ಹೆಸರನ್ನು ನಾವು ಏನು ಮಾಡಿದ್ದೇವೆ ಎಂದು ಕೇಳುವ ಕಾಲ ಬಂದಿದೆ. ಮುಖಪುಟದಲ್ಲಿ ಸಂಗ್ರಹಿಸಿದವರಿಗೆ ಹೆಸರು ಸಿಕ್ಕಿತು. ಹಾಡಿದವರಿಗೆಲ್ಲ ಸೇರಿ ಒಂದೇ ಸಾಮಾನ್ಯ ಹೆಸರು ಸಿಕ್ಕಿತು, ಗರತಿ. ಯಾವ ಓಣಿಯ ಯಾರು ಹಾಡಿದಳು, ಅವಳಿಗೆ ಎಷ್ಟು ವಯಸ್ಸು, ಅವಳ ಮನೆಯಲ್ಲಿ ಏನು ನಡೆದಿತ್ತು ಎಂಬುದು ಕೇಳುಗನಿಗೆ ಬೇಕಾಗದೆ ಹೋಯಿತು. ತೊಂಬತ್ತು ವರ್ಷಗಳಿಂದ ನಾವು ಆ ಹೆಸರನ್ನೇ ಓದುತ್ತಿದ್ದೇವೆ, ಒಳಗಿನ ಹಾಡನ್ನು ಓದಿಲ್ಲ. ಓದಿದ್ದರೆ ಇಂಥ ಭಾಷಣ ಮಾಡಲು ಬಾಯಿ ಬರುತ್ತಿರಲಿಲ್ಲ.

ಆ ಹಾಡು ಹುಟ್ಟಿದ ಜಾಗವನ್ನು ನೆನೆಯಿರಿ. ನಸುಕಿನ ನಾಲ್ಕು ಗಂಟೆ. ಮನೆಯ ಗಂಡಸರೆಲ್ಲ ಮಲಗಿದ್ದಾರೆ. ಪಡಸಾಲೆಯ ಮೂಲೆಯಲ್ಲಿ ಬೀಸುಕಲ್ಲಿನ ಎರಡೂ ಕಡೆ ಇಬ್ಬರು ಹೆಂಗಸರು ಕಾಲು ಚಾಚಿ ಎದುರುಬದುರು ಕೂತಿದ್ದಾರೆ, ಒಂದೇ ಗೂಟದ ಮೇಲೆ ಇಬ್ಬರ ಕೈ. ಒಬ್ಬಳು ಬಿಡುವಿನ ಕೈಯಿಂದ ಜೋಳ ಹಿಡಿಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕುತ್ತಾಳೆ. ಅಂಗೈಯಲ್ಲಿ ಬೊಬ್ಬೆ, ರಟ್ಟೆಯಲ್ಲಿ ನೋವು, ಸೆರಗಿನ ಮೇಲೆ ಹಿಟ್ಟಿನ ಧೂಳು. ಕಲ್ಲು ಸುತ್ತುವ ಲಯಕ್ಕೆ ತ್ರಿಪದಿ ಸರಿಯಾಗಿ ಕೂಡುತ್ತದೆ. ಆ ಕಲ್ಲಿನ ಗರಗರ ಸದ್ದಿನ ಮರೆಯಲ್ಲಿ ಆಡಿದ ಮಾತು ಮಲಗಿದವರ ಕಿವಿಗೆ ಬೀಳುವುದಿಲ್ಲ. ಹಗಲೆಲ್ಲ ಬಾಯಿ ಮುಚ್ಚಿಕೊಂಡವಳಿಗೆ ಬಾಯಿ ತೆರೆಯಲು ಸಿಗುತ್ತಿದ್ದ ಹೊತ್ತು ಅದೊಂದೇ.

ಆ ಹೊತ್ತಿನಲ್ಲಿ ಅವಳು ಏನು ಹಾಡಿದಳು? ದೇವರ ಸ್ಮರಣೆ ಹಾಡಿದಳು, ಕೂಸನ್ನು ಹಾಡಿದಳು, ಅಣ್ಣನನ್ನು ಹಾಡಿದಳು, ನಿಜ. ಹೊಡೆಯುವ ಗಂಡನನ್ನೂ ಹಾಡಿದಳು. ಸವತಿಯನ್ನು ಹಾಡಿದಳು. ತವರಿಗೆ ಕಳಿಸದ ಅತ್ತೆಯನ್ನು, ಅವ್ವ ತೀರಿದ ಮೇಲೆ ಬಾಗಿಲು ಹಾಕಿಕೊಂಡ ತವರನ್ನು, ಅತ್ತಿಗೆಯ ಕಣ್ಣಿನ ಬಿರುಸನ್ನು ಹಾಡಿದಳು. ಹೆಣ್ಣಾಗಿ ಹುಟ್ಟಿದ್ದೇ ಸಾಕು ಎಂದು ಮೊರೆಯಿಟ್ಟಳು. ನಮ್ಮ ಭಾಷಣಕಾರರು ಹೇಳುವ ಗರತಿ ಇವುಗಳಲ್ಲಿ ಒಂದನ್ನೂ ಬಾಯಿಬಿಟ್ಟು ಹೇಳಬಾರದಲ್ಲವೆ? ಗಂಡನ ಮನೆಯ ಗುಟ್ಟನ್ನು ಹೊರಗೆ ಹಾಕಬಾರದಲ್ಲವೆ? ಹಾಗಿದ್ದರೆ ಆ ಹಾಡುಗಳನ್ನು ಹಾಡಿದವಳು ಹಾಡಿದ ಗಳಿಗೆಯಲ್ಲೇ ಅವರ ಗರತಿತನವನ್ನು ಮುರಿದಿದ್ದಾಳೆ. ಅವಳ ದೂರನ್ನು ಅವಳ ಸಹನೆಯ ಸಾಕ್ಷಿಯಾಗಿ ತಿರುಗಿಸಿ, ಅವಳ ಮೊಮ್ಮಗಳಿಗೆ ಸುಮ್ಮನಿರು ಎಂದು ಕಲಿಸಲು ಬಳಸುತ್ತಿದ್ದೀರಿ. ಸತ್ತವರ ಬಾಯಿಗೆ ಬೇರೆ ಮಾತು ತುರುಕುವ ಈ ಕೆಲಸಕ್ಕೆ ಪರಂಪರೆಯ ರಕ್ಷಣೆ ಎಂಬ ಹೆಸರು ಸಲ್ಲದು.

ಪರಂಪರೆ ಎನ್ನುವವರು ಬಸವನಬಾಗೇವಾಡಿಯಿಂದ ಶುರುಮಾಡಲಿ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೆ ಬೇಡ ಎಂದು ಹುಡುಗ ಬಸವ ಮನೆ ಬಿಟ್ಟ ಎಂಬ ಕಥೆಯನ್ನು ನಾವು ಎಷ್ಟು ತಲೆಮಾರಿನಿಂದ ಹೇಳುತ್ತಿದ್ದೇವೆ? ಆ ಊರಿನ ಹುಡುಗರಿಗೆ ಶಾಲೆಯಲ್ಲಿ ಅದೇ ಮೊದಲ ಪಾಠ. ನಾಗಮ್ಮ ಆಮೇಲೆ ಮನೆಯ ಮೂಲೆಯಲ್ಲಿ ಕೂರಲಿಲ್ಲ. ಕಲ್ಯಾಣ ಕದಡಿದಾಗ ಶರಣರ ತಂಡದೊಂದಿಗೆ ಕಾಡುಮೇಡು ಅಲೆದಳು ಎಂದೇ ಪರಂಪರೆ ಹೇಳುತ್ತದೆ.

ಅಲ್ಲಿಂದ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಬನ್ನಿ. ಕೃಷ್ಣೆಯ ದಂಡೆಯ ಮೇಲೆ ಬಸವಣ್ಣನ ಹೆಂಡತಿ ನೀಲಮ್ಮನ ಐಕ್ಯಸ್ಥಳವಿದೆ. ಕೂಡಲಸಂಗಮಕ್ಕೆ ಬಾ ಎಂದು ಬಸವಣ್ಣ ಹಡಪದ ಅಪ್ಪಣ್ಣನ ಕೈಯಲ್ಲಿ ಹೇಳಿಕಳಿಸಿದಾಗ ನೀಲಮ್ಮ ಹೋಗಲಿಲ್ಲ. ಅಲ್ಲಿರುವ ದೇವರು ಇಲ್ಲಿಲ್ಲವೆ ಎಂಬ ಅರ್ಥದ ಉತ್ತರ ಕೊಟ್ಟು ತಂಗಡಗಿಯಲ್ಲೇ ಲಿಂಗೈಕ್ಯಳಾದಳು ಎಂಬುದು ನಾವೆಲ್ಲ ನಂಬಿದ ಕಥೆ. ಗಂಡ ಕರೆದಾಗ ಬರುವುದಿಲ್ಲ ಎಂದವಳು! ಕರೆದವನು ಯಾವನೋ ಕುಡುಕನಲ್ಲ, ಬಸವಣ್ಣ. ಗರತಿಯ ಅಳತೆಗೋಲು ಹಿಡಿದರೆ ನೀಲಮ್ಮ ತಪ್ಪಿತಸ್ಥೆ. ನಾವು ಅವಳಿಗೆ ಕೈ ಮುಗಿಯುತ್ತೇವೆ. ಕೈ ಮುಗಿದು ಮನೆಗೆ ಬಂದು, ಗಂಡ ಕರೆದರೂ ತವರಿನಿಂದ ಬಾರದ ಸೊಸೆಯ ಮೇಲೆ ಪಂಚಾಯಿತಿ ಕೂಡಿಸುತ್ತೇವೆ. ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು ನಡೆದವಳು. ಅವಳ ಹೆಸರನ್ನು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೇ ಇಟ್ಟಿದ್ದೇವೆ. ಹೆಣ್ಣುಗಂಡು ಎಂಬುದು ಮೈಮೇಲಿನ ಗುರುತು, ಒಳಗಿನ ಜೀವಕ್ಕೆ ಅದಿಲ್ಲ ಎಂದು ಕೇಳಿದ ಶರಣೆಯರಿದ್ದ ಪರಂಪರೆ ಇದು. ದೇಹವನ್ನು ಮಾರಿಕೊಂಡು ಬದುಕಿದ್ದ ಸಂಕವ್ವೆಯ ವಚನಕ್ಕೂ ಅಲ್ಲಿ ಜಾಗವಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಿಟ್ಟದ್ದನ್ನು ಇಪ್ಪತ್ತೊಂದರಲ್ಲಿ ಹುಡುಕಿ ಹೊತ್ತು ತಂದವರು ನಾವು.

ಈ ಪರಂಪರೆಯನ್ನು ಇದ್ದಂತೆ ಓದಿದ್ದಕ್ಕೆ ಬೆಲೆ ತೆತ್ತವರನ್ನೂ ಬಲ್ಲೆವು. ಸಿಂದಗಿ ತಾಲ್ಲೂಕಿನ ಮಗ ಎಂ.ಎಂ. ಕಲಬುರ್ಗಿ ನೀಲಮ್ಮನ ವಚನಗಳನ್ನು ಓದಿ ಬಸವಣ್ಣ ಮತ್ತು ಅವಳ ದಾಂಪತ್ಯದ ಬಗ್ಗೆ ತಮ್ಮ ‘ಮಾರ್ಗ’ ಪುಸ್ತಕದಲ್ಲಿ ತಮಗೆ ತೋಚಿದ್ದನ್ನು ಬರೆದರು. ಎದ್ದ ಗದ್ದಲದಲ್ಲಿ 1989ರಲ್ಲಿ ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಬ್ಬ ಹೆಣ್ಣು ತನ್ನ ವಚನದಲ್ಲಿ ತಾನೇ ಏನು ಹೇಳಿಕೊಂಡಿದ್ದಾಳೆ ಎಂದು ವಿದ್ವಾಂಸನೊಬ್ಬ ಕೇಳುವುದನ್ನೂ ಸಹಿಸಲಾಗದ ಸಮಾಜ, ನೀಲಮ್ಮನನ್ನು ಗೌರವಿಸುತ್ತಿದೆ ಎಂದು ಹೇಳಿಕೊಳ್ಳುವುದು ಯಾವ ನ್ಯಾಯ?

ಈಗ ಹೊಲದ ಮಾತಿಗೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ನಮ್ಮ ತಾಲ್ಲೂಕುಗಳ ಉಪನೋಂದಣಿ ಕಚೇರಿಗಳ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಬಾಡಿಗೆಯ ಜೀಪಿನಿಂದ ಅಣ್ಣ, ತಮ್ಮ, ಊರ ಹಿರಿಯರೊಬ್ಬರು ಇಳಿಯುತ್ತಾರೆ. ಹಿಂದಿನಿಂದ ಇಬ್ಬರೋ ಮೂವರೋ ಅಕ್ಕತಂಗಿಯರು ಇಳಿಯುತ್ತಾರೆ. ಅವತ್ತು ಅವರಿಗೆ ಹೊಸ ಸೀರೆ, ತಲೆಗೆ ಹೂವು. ಚಹಾ ಬರುತ್ತದೆ, ಉಪ್ಪಿಟ್ಟು ಬರುತ್ತದೆ. ಅಪ್ಪ ತೀರಿ ವರ್ಷ ತುಂಬಿರುತ್ತದೆ. ಬರೆಸುವುದು ಹಕ್ಕು ಬಿಟ್ಟುಕೊಟ್ಟ ಪತ್ರ, ನಮ್ಮ ಕಡೆಯ ಮಾತಿನಲ್ಲಿ ಹಕ್ಕಸೋಡ. ಯಾರಾದರೂ ತಂಗಿ ಮುಖ ಬಾಡಿಸಿ ನಿಂತರೆ ಹಿರಿಯರು ಹತ್ತಿರ ಹೋಗುತ್ತಾರೆ. “ಯವ್ವಾ, ನೀ ಗರತಿ ಅದೀ. ತವರಮನಿ ಹೊಲಕ್ಕ ಕಣ್ಣಿಟ್ಟಳು ಅಂತ ನಾಕು ಮಂದಿ ಆಡಿಕೊಳ್ಳೂದು ಬ್ಯಾಡ. ನಾಳೆ ಪಂಚಮಿಗಿ ನಿನ್ನ ಕರಿಯಾವ್ರು ಯಾರು?” ಎನ್ನುತ್ತಾರೆ. ಅವಳು ಸಹಿ ಹಾಕುತ್ತಾಳೆ, ಬರೆಯಲು ಬಾರದವಳು ಹೆಬ್ಬೆಟ್ಟು ಒತ್ತುತ್ತಾಳೆ. ಸ್ವಖುಷಿಯಿಂದ ಬರೆದುಕೊಟ್ಟೆ ಎಂದು ಕಾಗದ ಹೇಳುತ್ತದೆ. ಸಂಜೆಯೊಳಗೆ ನಾಲ್ಕೆಕರೆ, ಆರೆಕರೆ ಅವಳ ಕೈ ಬಿಟ್ಟಿರುತ್ತದೆ. ಅವಳಿಗೆ ಸಿಕ್ಕದ್ದು ಒಂದು ಸೀರೆ, ಒಂದು ಹೊತ್ತಿನ ಊಟ, ಗರತಿ ಎಂಬ ಮಾತು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ 1994ರ ಜುಲೈ 30ರಿಂದಲೇ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಪಾಲು ಕೊಟ್ಟಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತವಾಗಿ ಹೇಳಿತು. ಇಷ್ಟೆಲ್ಲ ಕಾನೂನನ್ನು ನಮ್ಮ ಕಟ್ಟೆಯ ಹಿರಿಯರು ಒಂದೇ ಮಾತಿನಲ್ಲಿ ಸೋಲಿಸುತ್ತಾರೆ. ವಕೀಲನ ಅಗತ್ಯವಿಲ್ಲ, ಬಡಿಗೆಯ ಅಗತ್ಯವಿಲ್ಲ. ಗರತಿ ಎಂದರೆ ಸಾಕು.

ಆಲಮಟ್ಟಿ ಅಣೆಕಟ್ಟೆಗೆ ಹೊಲಮನೆ ಮುಳುಗಿದಾಗ ಏನಾಯಿತು? ಪರಿಹಾರದ ಹಣ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವರ ಕೈಗೆ ಹೋಯಿತು. ಉತಾರದಲ್ಲಿ ಇದ್ದದ್ದು ಗಂಡಸರ ಹೆಸರು. ಅದೇ ಹೊಲದಲ್ಲಿ ಬಿತ್ತಿ, ಕಳೆ ತೆಗೆದು, ರಾಶಿ ಮಾಡಿದವಳಿಗೆ ಆ ಹಣ ಎಷ್ಟು ಬಂತು, ಯಾವ ಬೈಕಿಗೆ ಹೋಯಿತು, ಯಾವ ಬಾರಿಗೆ ಹೋಯಿತು ಎಂದು ಕೇಳುವ ಹಕ್ಕೂ ಇರಲಿಲ್ಲ. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿದೆ. ಮತ್ತೆ ಭೂಮಿ ಮುಳುಗುತ್ತದೆ, ಮತ್ತೆ ಪರಿಹಾರ ಬರುತ್ತದೆ. ಬಸವನಬಾಗೇವಾಡಿ, ಮುದ್ದೇಬಿಹಾಳದ ಹೊಳೆದಂಡೆಯ ಹೆಣ್ಣುಮಕ್ಕಳು ಈ ಸಲವೂ ಗರತಿಯರಾಗಿಯೇ ಇರಬೇಕೆ?

ಹೊಡೆತದ ವಿಷಯದಲ್ಲಿ ಅಂಕಿಗಳು ನಮ್ಮ ಮುಖಕ್ಕೆ ಹೊಡೆಯುವಂತಿವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇಕಡಾ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಅದು 20.6 ಇತ್ತು. ಗಂಡ ಹೆಂಡತಿಯನ್ನು ಹೊಡೆಯುವುದು ಕೆಲವು ಸಂದರ್ಭಗಳಲ್ಲಿ ಸರಿ ಎಂದ ಹೆಂಗಸರು ನಮ್ಮ ರಾಜ್ಯದಲ್ಲಿ ಶೇಕಡಾ 76.9. ಆ ಸಂದರ್ಭಗಳು ಯಾವುವು ಎಂದು ಸಮೀಕ್ಷೆಯವರು ಒಂದೊಂದಾಗಿ ಕೇಳಿದ್ದರು: ಹೇಳದೆ ಮನೆಯಿಂದ ಹೊರಗೆ ಹೋದರೆ, ಮನೆಮಕ್ಕಳನ್ನು ಸರಿಯಾಗಿ ನೋಡದಿದ್ದರೆ, ಎದುರು ಮಾತಾಡಿದರೆ, ಕೂಡಲು ಒಲ್ಲೆ ಎಂದರೆ, ಅಡುಗೆ ಕೆಟ್ಟರೆ, ಅವಳ ನಡತೆಯ ಮೇಲೆ ಗಂಡನಿಗೆ ಸಂಶಯ ಬಂದರೆ, ಅತ್ತೆಮಾವನಿಗೆ ಮರ್ಯಾದೆ ಕೊಡದಿದ್ದರೆ.

ಈ ಏಳನ್ನು ಮತ್ತೊಮ್ಮೆ ಓದಿ. ನಮ್ಮ ಭಾಷಣಗಳು ಹೇಳುವ ಗರತಿಯ ಲಕ್ಷಣಗಳನ್ನು ತಿರುವಿ ಬರೆದರೆ ಇದೇ ಪಟ್ಟಿ ಬರುತ್ತದೆ. ಹೇಳದೆ ಹೊರಗೆ ಹೋಗದವಳು, ಎದುರಾಡದವಳು, ಒಲ್ಲೆ ಎನ್ನದವಳು, ಅತ್ತೆಮಾವನಿಗೆ ತಲೆಬಾಗಿದವಳು ಗರತಿ. ಆ ಏಳರಲ್ಲಿ ಒಂದಲ್ಲ ಒಂದು ಕಾರಣಕ್ಕೆ ಹೊಡೆಯುವುದು ಸರಿ ಎಂದು ನೂರರಲ್ಲಿ ಎಪ್ಪತ್ತೇಳು ಹೆಂಗಸರೇ ಹೇಳುವ ಹಾಗೆ ಅವರನ್ನು ತಯಾರು ಮಾಡಿದ್ದು ಯಾರು? ಅವರ ತೊಟ್ಟಿಲ ಪದದಿಂದ ಹಿಡಿದು ಮದುವೆಯ ಆಶೀರ್ವಾದದವರೆಗೆ ಈ ಮಾತನ್ನು ಕಿವಿಗೆ ತುಂಬಿದ್ದು ಯಾರು? ವೇದಿಕೆಯ ಮೇಲೆ ನಿಂತು ಸಹನಾಮೂರ್ತಿ ಎಂದು ಹೊಗಳುವ ಪ್ರತಿಯೊಬ್ಬನೂ ಆ ಕೈ ಎತ್ತುವ ಗಂಡನ ಬೆನ್ನಿಗೆ ನಿಂತಿದ್ದಾನೆ. ಕಟುವಾಗಿ ಕೇಳಿಸಬಹುದು. ನೀಲಿಗಟ್ಟಿದ ಕೆನ್ನೆಯನ್ನು ಸೆರಗಿನಿಂದ ಮುಚ್ಚಿಕೊಂಡು ಬಾಗಿಲಿಗೆ ತಾಗಿತು ಎಂದು ಹೇಳುವವಳ ಎದುರು ನಿಂತವರಿಗೆ ಕಟುವೆನಿಸುವುದಿಲ್ಲ. ಕೌಟುಂಬಿಕ ಹಿಂಸೆಯ ಕಾಯಿದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಆ ಕಚೇರಿಯ ಮೆಟ್ಟಿಲು ಹತ್ತಿದವಳನ್ನು ಮನೆತನದ ಮಾನ ಬೀದಿಗೆ ತಂದವಳು ಎಂದು ಕರೆಯುವ ಊರಿನಲ್ಲಿ ಆ ಮೆಟ್ಟಿಲನ್ನು ಯಾರು ಹತ್ತುತ್ತಾರೆ?

ಮಾನ ಎಂಬುದು ಎಲ್ಲಿಯವರೆಗೆ ಹೋಗುತ್ತದೆ ಎಂದು ನಮಗೆ ಗೊತ್ತಿಲ್ಲವೆ? 2017ರಲ್ಲಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ದಲಿತ ಯುವಕನನ್ನು ಮದುವೆಯಾದ ಮುಸ್ಲಿಂ ಯುವತಿಯನ್ನು, ಅವಳು ತುಂಬು ಗರ್ಭಿಣಿಯಾಗಿದ್ದಾಗ, ಹೆತ್ತ ಮನೆಯವರೇ ಸುಟ್ಟು ಕೊಂದರು. ಗರತಿ ಎಂಬ ಮಾತು ಒಂದು ಧರ್ಮದ ಮನೆಯದು, ಇನ್ನೊಂದರಲ್ಲಿ ಅದಕ್ಕೆ ಬೇರೆ ಹೆಸರಿರಬಹುದು. ಮನೆತನದ ಮಾನವನ್ನು ಹೆಣ್ಣಿನ ಮೈಯಲ್ಲಿ ಹೂತಿಟ್ಟು ಅದಕ್ಕೆ ಕಾವಲು ಕೂರುವ ಬುದ್ಧಿ ಮಾತ್ರ ಎಲ್ಲ ಮನೆಗಳಲ್ಲೂ ಒಂದೇ. ಅವಳನ್ನು ಕೊಂದವರು ತಾವು ಮಾಡಿದ್ದು ಮಾನ ಉಳಿಸುವ ಕೆಲಸ ಎಂದೇ ತಿಳಿದಿದ್ದರು. ಆ ತಿಳಿವಳಿಕೆಯನ್ನು ಅವರು ಆಕಾಶದಿಂದ ತಂದುಕೊಂಡಿರಲಿಲ್ಲ.

ಗಂಡ ಸತ್ತವಳನ್ನು ಉಡಿ ತುಂಬುವ ಸಾಲಿನಿಂದ ಹೊರಗೆ ನಿಲ್ಲಿಸುವುದು, ಮುತ್ತು ಕಟ್ಟಿಸಿಕೊಂಡು ದೇವರ ಹೆಸರಿನಲ್ಲಿ ಬಿಡಲಾದವಳ ಮಗನಿಗೆ ಶಾಲೆಯಲ್ಲಿ ಅಪ್ಪನ ಹೆಸರು ಕೇಳಿ ತಲೆ ತಗ್ಗಿಸುವಂತೆ ಮಾಡುವುದು, ಇವೂ ಇದೇ ಮಾತಿನ ಮಕ್ಕಳು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1982ರಲ್ಲೇ ಬಂತು. ಮನೆಯಲ್ಲಿ ಒಬ್ಬಳು ಗರತಿ ಇರಬೇಕು, ಊರ ಹೊರಗೆ ಒಬ್ಬಳು ಗರತಿಯಲ್ಲದವಳೂ ಇರಬೇಕು ಎಂಬ ಗಂಡಸಿನ ವ್ಯವಸ್ಥೆಯನ್ನು ಕಾಯಿದೆ ಮುಟ್ಟಲಿಲ್ಲ.

ಹೆಣ್ಣು ಹೊಸ್ತಿಲು ದಾಟಿದರೂ ಇದೇ ಮಾತು ಏಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಬೇಡವಾಯಿತು. ಸಿಂದಗಿಯಿಂದ ವಿಜಯಪುರಕ್ಕೆ, ಇಂಡಿಯಿಂದ ಕಲಬುರಗಿಗೆ ಹೋಗುವ ಬಸ್ಸು ಹೆಂಗಸರಿಂದ ತುಂಬಿತು. ಆಸ್ಪತ್ರೆಗೆ ಹೋದರು, ಕಾಲೇಜಿಗೆ ಹೋದರು, ಕೂಲಿಗೆ ಹೋದರು, ಹಡೆದ ಮಗಳನ್ನು ನೋಡಲು ಹೋದರು. ಕೆಲವರು ಬರೀ ಊರು ನೋಡಲು ಹೋದರು, ಯಾಕೆ ಹೋಗಬಾರದು? ಅಂದಿನಿಂದ ಕಟ್ಟೆಯ ಮೇಲೆ ಒಂದೇ ಅಳಲು: ಹೆಂಗಸರು ಮನೆ ಬಿಟ್ಟರು, ಗರತಿಯರೆಲ್ಲ ಬೀದಿಗೆ ಬಿದ್ದರು. ಇಸ್ಪೀಟು ಹಿಡಿದು ದಿನವಿಡೀ ಬೀದಿಯಲ್ಲೇ ಇರುವವರು ಈ ಮಾತು ಹೇಳುತ್ತಾರೆ. ಮನೆಯವಳು ಹದಿನೈದು ಕಿಲೋಮೀಟರು ದೂರದ ದವಾಖಾನೆಗೆ ಯಾರನ್ನೂ ರೊಕ್ಕ ಕೇಳದೆ ಹೋಗಿ ಬಂದಳು ಎಂಬುದು ನಿಮ್ಮನ್ನು ಇಷ್ಟು ಕದಡುವುದಾದರೆ, ನಿಮಗೆ ಬೇಕಾಗಿದ್ದದ್ದು ಅವಳ ಶೀಲವಲ್ಲ, ಅವಳ ಬಡತನ.

ಕೆಲವು ಒಳ್ಳೆಯ ಮನಸ್ಸಿನವರು ಇನ್ನೊಂದು ಮಾತು ಹೇಳುತ್ತಾರೆ. ಗರತಿ ಎಂಬುದಕ್ಕೆ ಹೊಸ ಅರ್ಥ ಕೊಡೋಣ, ದುಡಿಯುವವಳು, ಧೈರ್ಯದವಳು, ಓದಿದವಳು ಗರತಿ ಎನ್ನೋಣ, ಹಳೆಯ ಚಂದದ ಮಾತನ್ನು ಯಾಕೆ ಬಿಡಬೇಕು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಥವನ್ನು ನೀವು ಎಷ್ಟೇ ಬದಲಿಸಿ, ತೀರ್ಪು ಹೇಳುವ ಕುರ್ಚಿ ಹಾಗೇ ಉಳಿಯುತ್ತದೆ. ಇವತ್ತು ಓದಿದವಳು ಗರತಿ ಎಂದವರು ನಾಳೆ ಓದಿಯೂ ತಲೆ ತಗ್ಗಿಸಿದವಳು ನಿಜವಾದ ಗರತಿ ಎನ್ನುತ್ತಾರೆ, ಈಗಾಗಲೇ ಎನ್ನುತ್ತಿದ್ದಾರೆ. ವರದಕ್ಷಿಣೆಯ ಮಾರುಕಟ್ಟೆಯಲ್ಲಿ ಡಿಗ್ರಿ ಓದಿದ, ಸಂಸ್ಕಾರವಂತ ಕನ್ಯೆ ಎಂದು ಬರೆಸುವುದಿಲ್ಲವೆ? ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗಾಗಿ ಒಂದು ಕೈಪಿಡಿ ತಂದಿತು. ಶೀಲವಂತೆ, ವಿಧೇಯ ಹೆಂಡತಿ, ಒಳ್ಳೆಯ ಹೆಂಡತಿ ಎಂಬಂಥ ಮಾತುಗಳನ್ನು ತೀರ್ಪುಗಳಲ್ಲಿ ಬಳಸಬೇಡಿ, ಹೆಣ್ಣನ್ನು ಹೆಣ್ಣು ಎನ್ನಿ, ಹೆಂಡತಿಯನ್ನು ಹೆಂಡತಿ ಎನ್ನಿ ಎಂದು ಅದರಲ್ಲಿ ಹೇಳಿತು. ಶೀಲದ ಹೆಸರಿನಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ನ್ಯಾಯ ತಪ್ಪಿತು ಎಂಬ ಅರಿವು ಕೊನೆಗೂ ನ್ಯಾಯಪೀಠಕ್ಕೆ ಬಂತು. ನಮ್ಮ ಜನಪದ ಪರಿಷತ್ತಿನ ವೇದಿಕೆಗಳಿಗೆ, ಮಠಗಳ ಅನುಭಾವಗೋಷ್ಠಿಗಳಿಗೆ, ಕಾಲೇಜಿನ ಮಹಿಳಾ ದಿನಾಚರಣೆಗಳಿಗೆ ಅದು ಯಾವಾಗ ಬರುತ್ತದೆ?

ಮೇಷ್ಟ್ರೇ, ನೀವು ‘ಗರತಿಯ ಹಾಡು’ ಪಾಠ ಮಾಡುವಾಗ ಸಹನೆಯ ಮೇಲೆ ಟಿಪ್ಪಣಿ ಬರೆಸುವುದನ್ನು ನಿಲ್ಲಿಸಿ. ಆ ಹೆಣ್ಣು ಯಾರ ಮೇಲೆ ದೂರು ಹೇಳುತ್ತಿದ್ದಾಳೆ, ಯಾಕೆ ನಸುಕಿನಲ್ಲೇ ಹೇಳುತ್ತಿದ್ದಾಳೆ ಎಂದು ಮಕ್ಕಳನ್ನು ಕೇಳಿ. ಜನಪದ ಸಂಗ್ರಹಕ್ಕೆ ಇನ್ನೂ ಹಳ್ಳಿಗೆ ಹೋಗುವ ಸಂಶೋಧಕರೇ, ಹಾಡಿದವಳು ಒಪ್ಪಿದರೆ ಅವಳ ಹೆಸರು, ಅವಳ ಊರು, ಅವಳು ತನ್ನ ಬಗ್ಗೆ ತಾನೇ ಹೇಳಿಕೊಂಡ ನಾಲ್ಕು ಮಾತು ಮುಖಪುಟದಲ್ಲೇ ಬರಲಿ. ಪತ್ರಿಕೆಯವರೇ, ತೀರಿಕೊಂಡ ಹೆಂಗಸಿನ ಬಗ್ಗೆ ಬರೆಯುವಾಗ ಅವಳು ಎಷ್ಟು ವರ್ಷ ಹೊಲ ಉತ್ತಳು, ಏನು ಕಟ್ಟಿದಳು ಎಂದು ಬರೆಯಿರಿ. ಸ್ವಾಮಿಗಳೇ, ಮದುವೆಯ ಹಂದರದಲ್ಲಿ ಮದುಮಗಳಿಗೆ ಮಾತ್ರ ತಾಳ್ಮೆ ಬೋಧಿಸಬೇಡಿ. ಪಕ್ಕದಲ್ಲೇ ಕೂತವನಿಗೆ ಕೈ ಎತ್ತಬೇಡ ಎಂದು ಸಾವಿರ ಜನರ ಎದುರು ಮೈಕಿನಲ್ಲಿ ಹೇಳಿ. ಬಸವನ ಊರಿನಲ್ಲಿ ಅಷ್ಟೂ ಹೇಳಲಾಗದಿದ್ದರೆ ಬಸವಣ್ಣನ ಹೆಸರು ಹೇಳುವುದನ್ನು ಬಿಡಿ.

ಇನ್ನು ನನ್ನ ಅಕ್ಕತಂಗಿಯರಿಗೆ. ಹೊಸ ಸೀರೆ ತಂದುಕೊಟ್ಟು ಜೀಪು ಹತ್ತಿಸಲು ಬಂದಾಗ ಸರ್ವೆ ನಂಬರು ಯಾವುದು, ಒಟ್ಟು ಎಕರೆ ಎಷ್ಟು, ನನ್ನ ಪಾಲು ಎಷ್ಟು ಎಂದು ಬಾಯಿಬಿಟ್ಟು ಕೇಳಿ. ಕಾಗದವನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಗರತಿ ಎಂದು ಹಿರಿಯರು ತಲೆ ಸವರಿದರೆ ಆ ಮಾತನ್ನು ಅವರಿಗೇ ಹಿಂದಿರುಗಿಸಿ. ಸ್ವಖುಷಿಯಿಂದ ಬರೆದುಕೊಡುತ್ತೀಯಾ ಎಂದು ಕಚೇರಿಯಲ್ಲಿ ಕೇಳಿದಾಗ, ಇಲ್ಲ, ನನ್ನ ಪಾಲು ನನಗೆ ಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಅಲ್ಲಿಂದ ನೇರ ತಹಶೀಲ್ದಾರ ಕಚೇರಿಗೆ ನಡೆದು, ವಾರಸಾ ಅರ್ಜಿ ಕೊಟ್ಟು, ಉತಾರದಲ್ಲಿ ನಿಮ್ಮ ಹೆಸರು ಏರಿಸಿಕೊಳ್ಳಿ.